ಗುಡ್ಡಕ್ಕೂ ವಾರ ಹಿಡಿದರು

ಖಾನಾಪುರ ತಾಲ್ಲೂಕಿನ ಆ ಊರಿನಲ್ಲಿ ನನ್ನನ್ನು ಎಲ್ಲರೂ ಬಾಯಿ ಎಂದೇ ಕರೆಯುತ್ತಾರೆ. ಮರಾಠಿ ಮನೆಮಾತಿನ ಊರು, ನಮ್ಮಂಥವರ ಜೊತೆ ಮಾತ್ರ ಕನ್ನಡ. ಅವರ ಮಾತಿನಲ್ಲಿ ಬಾಯಿ ಎಂದರೆ ಮರ್ಯಾದೆ ಕೊಡಬೇಕಾದ ಹೆಂಗಸು. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಗೆ ಈ ಸುದ್ದಿ ಮುಟ್ಟಿದ ದಿನ ನನ್ನ ಯಜಮಾನರು ತಟ್ಟೆಯ ಮುಂದೆ ಕೂತು ನಕ್ಕ ನಗೆಗೆ ರೊಟ್ಟಿ ನೆತ್ತಿಗೇರಿತು. "ಎಷ್ಟ ಲಗೂ ಗುರ್ತಾ ಹಿಡದಾರ ನೋಡು! ನೀ ಅಂದ್ರ ಬರೇ ಬಾಯಿ ಅಂತ ತಿಳ್ಕೊಳ್ಳಾಕ ನನಗ ವರ್ಷಗಟ್ಟಲೆ ಹಿಡೀತು" ಎಂದರು. ಮರುದಿನ ರವಿವಾರ ಪೇಟೆಯ ತಮ್ಮ ಬೆಲ್ಲದ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ನಗಿಸಿದರಂತೆ. ನಾನೂ ನಕ್ಕೆ. ನನ್ನ ಬಾಯಿಯ ವಿಷಯದಲ್ಲಿ ನನಗೆ ಭ್ರಮೆಯೇನೂ ಇಲ್ಲ, ಈ ಕೆಲಸದಲ್ಲಿ ಅದಿಲ್ಲದೆ ನಡೆಯುವುದೂ ಇಲ್ಲ.

ನಾನಿರುವುದು ಒಂದು ಸಣ್ಣ ಸಂಸ್ಥೆಯಲ್ಲಿ. ಊರಿನ ನೀರು, ಗುಡ್ಡ, ದನ ಮೇಯುವ ಗಾಯರಾಣ ಇವನ್ನೆಲ್ಲ ಊರವರೇ ಕೂಡಿ ನೋಡಿಕೊಳ್ಳುವಂತೆ ಅವರನ್ನು ತಯಾರು ಮಾಡುವುದು ನಮ್ಮ ಕೆಲಸ. ಆಫೀಸಿನಲ್ಲಿ ಇದಕ್ಕೆ ಸಾಮರ್ಥ್ಯ ವರ್ಧನೆ ಎನ್ನುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಔಷಧಿ ಅಂಗಡಿಯ ಟಾನಿಕ್ ಬಾಟಲಿ ಕಣ್ಣ ಮುಂದೆ ಬರುತ್ತದೆ. ನಾವು ಒಂದು ಊರಿನಲ್ಲಿ ಎರಡು ಮೂರು ವರ್ಷ ಇರುತ್ತೇವೆ, ಆಮೇಲೆ ಗಂಟು ಕಟ್ಟಿಕೊಂಡು ಹೊರಡುತ್ತೇವೆ. ನಾವಿರುವ ತನಕ ಎಲ್ಲ ಚಂದ. ಸಭೆಗೆ ಜನ ಬರುತ್ತಾರೆ, ಚಹಾ ಬರುತ್ತದೆ, ಫೋಟೋ ಆಗುತ್ತದೆ. ನಾವು ಹೋದ ಮೇಲೆ ಬೇಲಿಯ ಗೂಟ ಒಲೆ ಸೇರುತ್ತದೆ, ನೆಟ್ಟ ಸಸಿ ಆಡಿನ ಹೊಟ್ಟೆ ಸೇರುತ್ತದೆ, ಸಂಸ್ಥೆಯ ಬೋರ್ಡು ಮಾತ್ರ ಊರ ಬಾಯಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಇಂಥ ಬೋರ್ಡುಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಈ ಊರಿನಲ್ಲಿ ಹಾಗಾಗಕೂಡದು, ನಾವು ಬಿಟ್ಟು ಹೋದ ಮೇಲೂ ಈ ಗುಡ್ಡ ಉಳಿಯಬೇಕು ಎಂದು ನಾನು ಹಟ ಹಿಡಿದೆ. ಹಟ ಎನ್ನುವ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅದಕ್ಕಿಂತ ಸೌಮ್ಯವಾದದ್ದು ಯಾವುದೂ ನನ್ನೊಳಗೆ ಇರಲಿಲ್ಲ.

ಊರು ಘಟ್ಟದ ಕಡೆಗಿನದು. ಮಳೆಗಾಲದಲ್ಲಿ ಅಲ್ಲಿ ಗಾಳಿಗೆ ಕೊಡೆ ಮಗುಚುತ್ತದೆ, ಬೇಸಿಗೆಯಲ್ಲಿ ನೀರಿಲ್ಲದೆ ಕೊಡ ಮಗುಚಿಡುತ್ತಾರೆ. ಬೆಳಗಾವಿಯಲ್ಲಿ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. "ಖಾನಾಪುರದಾಗ ನೀರಿಲ್ಲಂದ್ರ ಸಮುದ್ರದಾಗೂ ಇಲ್ಲ ಬಿಡ್ರಿ" ಎಂದು ನಮ್ಮ ಓಣಿಯವರೊಬ್ಬರು ನನ್ನ ಬಾಯಿ ಮುಚ್ಚಿಸಲು ನೋಡಿದ್ದರು. ಊರಿನ ಬೆನ್ನಿಗೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಕಲ್ಲಿನ ಸಂದಿಯಿಂದ ಬರುವ ಒಂದು ಒರತೆ. ಅವರು ಅದಕ್ಕೆ ಝರಾ ಎನ್ನುತ್ತಾರೆ. ಊರಿನ ಕುಡಿಯುವ ನೀರೆಲ್ಲ ಅದರದ್ದೇ. ಬೋರು ಕೊರೆಸಿ ನೋಡಿದ್ದರು, ಅದು ಕೆಂಪು ಧೂಳು ಉಗುಳಿ ಸುಮ್ಮನಾಗಿತ್ತು. ಮೊದಲೆಲ್ಲ ಮುಂದಿನ ಮಳೆಯ ತನಕ ಬರುತ್ತಿದ್ದ ಝರಾ ಈಚೆಗೆ ಹೋಳಿ ಹುಣ್ಣಿಮೆಗೆಲ್ಲ ಸಣ್ಣಗಾಗುತ್ತಿತ್ತು. ಆಮೇಲೆ ಹೆಂಗಸರು ಕೊಡ ಹೊತ್ತು ಕೆಳಗಿನ ಹಳ್ಳಕ್ಕೆ ಇಳಿಯಬೇಕು, ತುಂಬಿದ ಕೊಡ ಹೊತ್ತು ಮತ್ತೆ ಏರಬೇಕು.

ಕಾರಣ ಗುಡ್ಡದ ಮೇಲೆಯೇ ಇತ್ತು. ಗುಡ್ಡ ಊರಿನ ಗಾಯರಾಣ. ಎಲ್ಲರದ್ದು, ಹಾಗಾಗಿ ಯಾರದ್ದೂ ಅಲ್ಲ. ಕಟ್ಟಿಗೆ ಕಡಿದು, ದನ ಮೇಯಿಸಿ ಅದರ ಮೈಯನ್ನು ಬೋಳು ಮಾಡಿದ್ದರು. ಬಿದ್ದ ಮಳೆ ಇಂಗಲು ಪುರಸೊತ್ತಿಲ್ಲದೆ ಓಡಿ ಹಳ್ಳ ಸೇರುತ್ತಿತ್ತು. ಇಳಿಜಾರಿಗೆ ಅಡ್ಡಲಾಗಿ ಇಂಗುಗುಂಡಿ ತೋಡಿ, ಗಿಡ ಹುಲ್ಲು ಚಿಗುರುವ ತನಕ ದನ ಮತ್ತು ಕುಡುಗೋಲು ಎರಡನ್ನೂ ದೂರ ಇಟ್ಟರೆ ಝರಾ ಮತ್ತೆ ತುಂಬೀತು ಎನ್ನುವುದು ನಮ್ಮ ಲೆಕ್ಕ. ಝರಾದ ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು ಇದ್ದರು. ಊರಿನ ಹೆಂಗಸರೆಲ್ಲ ಅವರ ಮಾತು ಕೇಳುತ್ತಿದ್ದರು. ನಾನು ಅವರನ್ನು ಮಾವಶಿ ಎನ್ನುತ್ತಿದ್ದೆ, ಚಿಕ್ಕಮ್ಮ ಎಂದ ಹಾಗೆ. ಸಿಟ್ಟಿನಲ್ಲಿ ನನಗೆ ಸರಿಜೋಡಿ. ಮೊದಲ ಭೇಟಿಯಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಂಥಾವ್ರು ಭಾಳ ಮಂದಿ ಬಂದ್ ಹೋಗ್ಯಾರ ಬಾಯಿ. ನೀವು ಯಾವಾಗ ಹೋಗಾವ್ರು?" ಎಂದು ಕೇಳಿದ್ದರು. ನಾನು "ಝರಾ ತುಂಬಿದ ಮ್ಯಾಲ" ಎಂದೆ. ಅವರು ನಂಬಲಿಲ್ಲ, ಆದರೆ ಚಹಾ ಕೊಟ್ಟರು.

ಮಳೆಗಾಲ ಕಳೆದು ಸುಗ್ಗಿ ಮುಗಿಯುವ ಹೊತ್ತಿಗೆ ನಮ್ಮ ಸಂಸ್ಥೆಯ ಮುಖ್ಯಸ್ಥರು ಊರು ನೋಡಲು ಬಂದರು. ನಾವು ಅವರನ್ನು ಸಾಹೇಬರು ಎನ್ನುತ್ತೇವೆ. ಧಾರವಾಡದ ಕಡೆಯವರು, ಮೆತ್ತನೆಯ ಮಾತಿನ ಸಜ್ಜನರು, ಮರಾಠಿಯ ಗಂಧವಿಲ್ಲ. ಗುಡ್ಡ ಹತ್ತಿದರು, ಬೂಟಿನ ತುದಿಯಿಂದ ನೆಲ ಒದ್ದು ನೋಡಿದರು. ಕಲ್ಲಿನಂಥ ಜಂಬಿಟ್ಟಿಗೆಯ ನೆಲ. ಕೆಳಗಿಳಿದು ಬಂದು ಶಾಲೆಯ ಜಗುಲಿಯಲ್ಲಿ ಕೂತ ಜನರ ಮುಂದೆ ಕೈಮುಗಿದು, "ನಾ ಎಲ್ಲಾ ನೋಡೀನ್ರಿ. ಇಲ್ಲಿ ಭಾಳ ಕಷ್ಟ ಐತಿ. ಖರೇನ ಭಾಳ ಕಷ್ಟ ಐತಿ" ಎಂದರು.

ನನ್ನ ಕಿವಿ ಬಿಸಿಯಾಯಿತು. ಕನ್ನಡದವರು ಇಲ್ಲ ಎನ್ನಬೇಕಾದಲ್ಲಿ ಮುಖ ಕೆಡಿಸಿಕೊಳ್ಳದೆ ಹೇಳುವ ಮಾತು ಅದು. ಹೆಣ್ಣು ನೋಡಲು ಬಂದವರೂ ಅದನ್ನೇ ಹೇಳುತ್ತಾರೆ, ರಜೆ ಕೇಳಿದರೆ ಮೇಲಿನವರೂ ಅದನ್ನೇ ಹೇಳುತ್ತಾರೆ. ಜನರೆಲ್ಲ ಗಂಭೀರವಾಗಿ ತಲೆಯಾಡಿಸಿದರು. ಎಲ್ಲರಿಗೂ ಅರ್ಥವಾಯಿತು ಎಂದುಕೊಂಡೆ. ವಾಪಸು ಬರುವಾಗ ಜೀಪಿನಲ್ಲಿ ಸಾಹೇಬರು ಇನ್ನೊಂದು ತಾಲ್ಲೂಕಿನ ಮೆತ್ತನೆ ಮಣ್ಣಿನ ಊರೊಂದರ ಹೆಸರು ತೆಗೆದರು. ನಾನು ಕಿಟಕಿಯ ಕಡೆ ಮುಖ ಮಾಡಿ ಖಾನಾಪುರ ದಾಟುವ ತನಕ ಮಾತಾಡಲಿಲ್ಲ. ಅದು ನನ್ನ ಮಟ್ಟಿಗೆ ಪವಾಡ. ಆಮೇಲೆ ಬೆಳಗಾವಿ ಮುಟ್ಟುವ ತನಕ ನಿಲ್ಲಿಸಲಿಲ್ಲ.

"ಮಣ್ಣು ಮೆತ್ತಗ ಇದ್ದಲ್ಲೇ ಕೆಲಸ ಮಾಡೂದಾದ್ರ ನಾವ್ಯಾಕ ಬೇಕ್ರಿ? ಎರಿಹುಳಾ ಸಾಕಲ್ಲ!" ಎಂದೆ.

"ಹಂಗಲ್ರಿ ಅಕ್ಕಾರ, ಆ ನೆಲದಾಗ ಗುದ್ದಲಿ ಇಳಿಯಂಗಿಲ್ಲ. ಮಂದಿ ಒಂದ್ ದಿನಾ ಬರ್ತಾರ, ಮರುದಿನಾ ಬಿಡ್ತಾರ" ಎಂದರು ಸಾಹೇಬರು. ಸೋಮವಾರ ನೀವೇ ಹೋಗಿ ಊರವರಿಗೆ ಸಮಾಧಾನ ಹೇಳಿ ಬನ್ನಿ ಎಂದೂ ಹೇಳಿದರು. ಕೆಟ್ಟ ಸುದ್ದಿ ಹೇಳುವ ಕೆಲಸ ಯಾವಾಗಲೂ ಬಾಯಿ ಇದ್ದವರ ಪಾಲಿಗೇ ಬರುತ್ತದೆ.

ಸೋಮವಾರ ನಾನು ಹೋಗುವ ಹೊತ್ತಿಗೆ ಬಿಸಿಲೇರಿತ್ತು. ಊರಿನಲ್ಲಿ ನಾಯಿಗಳ ಹೊರತು ಯಾರೂ ಇಲ್ಲ. ಬಾಗಿಲುಗಳಿಗೆ ಅಗಳಿ. ಯಾರೋ ತೀರಿಕೊಂಡಿರಬೇಕು ಎಂದು ಗಾಬರಿಯಾಗಿ ಝರಾದ ಕಡೆ ನಡೆದಾಗ ಮೇಲಿನಿಂದ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು ಕೇಳಿತು. ತಲೆ ಎತ್ತಿ ನೋಡಿದರೆ ಗುಡ್ಡದ ತುಂಬ ಜನ. ಹಾರೆ, ಗುದ್ದಲಿ, ಸಲಿಕೆ, ಬುಟ್ಟಿ. ಹೆಂಗಸರು ಸೀರೆಯನ್ನು ಕಚ್ಚೆ ಹಾಕಿ ಮಣ್ಣು ಹೊರುತ್ತಿದ್ದಾರೆ. ಮಾವಶಿ ಹಾರೆ ಊರಿ ನಿಂತು, "ತಡಾ ಮಾಡಿದ್ರಲ್ಲ ಬಾಯಿ. ನಾವು ಶುಕ್ರವಾರನ ಸಭಾ ಮಾಡಿ, ಮನಿಗೊಬ್ರು ಬರಬೇಕಂತ ಠರಾವ್ ಮಾಡೀವಿ" ಎಂದರು.

"ಯಾತಕ್ಕ?" ಎಂದೆ. ನಿಜಕ್ಕೂ ತಿಳಿಯದೆ ಕೇಳಿದೆ.

"ಯಾತಕ್ಕಂದ್ರ? ಸಾಹೇಬ್ರ ಹೇಳಿದ್ರಲ್ಲ, ಭಾಳ ಕಷ್ಟ ಐತಿ ಅಂತ. ಎಲ್ಲಾರೂ ಬಂದು ನಿಮಗೇನೂ ಮಾಡಾಕ ಆಗಂಗಿಲ್ಲ, ಎಲ್ಲಾ ನಾವ ಮಾಡಿಕೊಡ್ತೀವಿ ಅಂತಾರ. ಇವರೊಬ್ರ ಖರೇ ಹೇಳಿದ್ರು. ಕಷ್ಟಾಕ ನಾವು ಅಂಜೂ ಮಂದಿ ಅಲ್ಲ ಬಾಯಿ."

ಆಗ ನನ್ನ ತಲೆಗೆ ಹೋಯಿತು. ಮರಾಠಿಯಲ್ಲಿ ಕಷ್ಟ ಎಂದರೆ ಮೈಮುರಿದು ದುಡಿಯುವುದು. ಕಷ್ಟ ಮಾಡಿ ಉಂಡವರು ಎಂದರೆ ಅಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಹುಟ್ಟಿದಾಗಿನಿಂದ ಎರಡೂ ಭಾಷೆ ಕೇಳಿ ಬೆಳೆದ ನಾನು, ಸಾಹೇಬರ ಮಾತನ್ನು ಅವರ ಕಿವಿಯಿಂದ ಒಮ್ಮೆಯೂ ಕೇಳಿ ನೋಡಿರಲಿಲ್ಲ. ಸಾಹೇಬರು ಬಾಗಿಲು ಹಾಕಿ ಹೋಗಿದ್ದರು, ಇವರು ಅದೇ ಮಾತಿಗೆ ಬಾಗಿಲು ತೆಗೆದಿದ್ದರು.

ನಾನು ಗುಡ್ಡದ ಮೇಲೆ ಫೋನು ಸಿಗುವ ಬಂಡೆ ಹುಡುಕಿ ಆಫೀಸಿಗೆ ಹಚ್ಚಿದೆ. ಸಾಹೇಬರು ಹೌಹಾರಿದರು. "ಅಲ್ರೀ ಅಕ್ಕಾರ, ಕಷ್ಟ ಐತಿ ಅಂದ್ರ ಆಗಂಗಿಲ್ಲ ಅಂತ ಅರ್ಥ!"

"ಅದು ನಿಮಗ ಗೊತ್ತು, ನನಗ ಗೊತ್ತು. ಇಲ್ಲಿ ಊರಿಗೂರ ಗುದ್ದಲಿ ಹಿಡ್ಕೊಂಡು ನಿಂತೈತಿ. ನೀವ ಬಂದು ಅರ್ಥಾ ಬಿಡಿಸಿ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ."

ಆ ಕಡೆಯಿಂದ ಸಾಹೇಬರ ನಗೆ ಕೇಳಿತು. "ಮಾಡ್ರಿ" ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿಯಿತು.

ಬಂಡೆಯಿಂದ ಇಳಿದು ಬಂದು ತೋಡಿದ್ದನ್ನು ನೋಡಿದೆ. ನನ್ನ ಹಿಗ್ಗು ಅಲ್ಲಿಗೇ ನಿಂತಿತು. ಬೆಳಗಿನಿಂದ ಬೆವರು ಸುರಿಸಿ ತೋಡಿದ ಕಾಲುವೆಗಳೆಲ್ಲ ಇಳಿಜಾರಿನ ಗುಂಟ ಮೇಲಿನಿಂದ ಕೆಳಗೆ ನೆಟ್ಟಗೆ ಇಳಿದಿದ್ದವು. ಮಳೆನೀರು ನಿಂತು ಇಂಗುವುದಿರಲಿ, ಅದು ಇನ್ನಷ್ಟು ಜೋರಾಗಿ ಓಡಲು ಹಾದಿ ಮಾಡಿಕೊಟ್ಟಿದ್ದರು. ಯೋಚಿಸಿ ನೋಡಿದರೆ ಆಶ್ಚರ್ಯವಿಲ್ಲ. ಗದ್ದೆಯಲ್ಲಿ ನೀರು ಹೆಚ್ಚಾಗಿ ಭತ್ತ ಕೊಳೆಯುವ ಸೀಮೆ ಅದು. ಅಜ್ಜನ ಕಾಲದಿಂದಲೂ ಅವರು ತೋಡಿದ್ದೆಲ್ಲ ನೀರನ್ನು ಹೊರಗೆ ಹಾಕುವ ಕಾಲುವೆಯೇ. ಅವರ ಕೈಗೆ ನೀರು ಬಿಡುವುದು ಗೊತ್ತು. ನೀರು ಹಿಡಿಯುವುದು ಗೊತ್ತಿರುವುದು ನಮ್ಮ ಬೆಳಗಾವಿಯ ಓಣಿಯವರಿಗೆ. ನಲ್ಲಿ ಬಂತೆಂದರೆ ಡ್ರಮ್ಮು, ಬಕೆಟ್ಟು, ಪಾತೇಲಿ, ಕೊನೆಗೆ ಚರಿಗೆಯನ್ನೂ ಬಿಡದೆ ಹಿಡಿದಿಡುತ್ತೇವೆ.

ಅಷ್ಟು ಸಮಾಧಾನದಿಂದ ನಾನು ಆ ಹೊತ್ತಿನಲ್ಲಿ ಯೋಚಿಸಲಿಲ್ಲ. "ಇವನ್ನೆಲ್ಲ ಮುಚ್ಚಬೇಕು!" ಎಂದು ಒದರಿದೆ. ಗುಡ್ಡದ ಮೇಲೆ ಸದ್ದು ನಿಂತಿತು. ಮಾವಶಿಯ ಮುಖ ಕೆಂಪಾಯಿತು.

"ಮುಂಜಾನಿಂದ ರಟ್ಟಿ ಬೀಳೂಹಂಗ ತಗದೀವಿ. ಮುಚ್ಚಬೇಕ? ಏನ್ ಹುಡುಗಾಟ ಹಚ್ಚೀರಿ ಬಾಯಿ?"

ನಾನು ಅವರ ಕುಡಿಯುವ ನೀರಿನ ಕೊಡ ಎತ್ತಿ ಕಾಲುವೆಯ ಮೇಲ್ತುದಿಗೆ ಸುರಿಯತೊಡಗಿದೆ. ಹೆಂಗಸರು ಅಯ್ಯೋ ಎಂದರು. ಗುಡ್ಡದ ಬುಡದಿಂದ ಹೊತ್ತು ತಂದ ನೀರು. ಅದು ಕಾಲುವೆಯಲ್ಲಿ ಸರ್ರನೆ ಹರಿದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಳಗಿಳಿದು ಹೋಯಿತು. ಆಮೇಲೆ ಸಲಿಕೆ ತೆಗೆದುಕೊಂಡು ಇಳಿಜಾರಿಗೆ ಅಡ್ಡಲಾಗಿ ಒಂದು ಸಣ್ಣ ತಗ್ಗು ತೋಡಿದೆ. ನನ್ನ ಅಂಗೈ ಸುಲಿಯಿತು. ಉಳಿದ ನೀರನ್ನು ಅದಕ್ಕೆ ಸುರಿದೆ. ನೀರು ಅಲ್ಲೇ ನಿಂತಿತು. ಎಲ್ಲರೂ ಸುತ್ತ ನಿಂತು ನೋಡುತ್ತಿದ್ದಂತೆ ಮೆಲ್ಲಗೆ ಕೆಂಪಾಗಿ, ಕಡಿಮೆಯಾಗುತ್ತ ಹೋಗಿ ನೆಲದೊಳಗೆ ಇಳಿಯಿತು.

ಆ ಗುಂಪಿನಲ್ಲಿ ಊರಿನ ಎಲ್ಲರಿಗಿಂತ ಹೆಚ್ಚು ಎಮ್ಮೆ ಕಟ್ಟಿದ ಮುದುಕರೊಬ್ಬರು ಇದ್ದರು. ಎಲ್ಲರೂ ಕಾಕಾ ಎನ್ನುತ್ತಿದ್ದರು. ಅವರು ಬಾಯೊಳಗಿನ ಎಲೆ ಉಗುಳಿ, "ಹಿಂಗ ನೀರು ನಿಲ್ಲಿಸಿದ್ರ ಭತ್ತ ಕೊಳೀತದ" ಎಂದರು.

"ಗುಡ್ಡದ ಮ್ಯಾಲ ಭತ್ತ ಹಚ್ಚಾವ್ರು ಯಾರದಾರ ಕಾಕಾ?" ಎಂದೆ.

ಎಲ್ಲರೂ ನಕ್ಕರು. ಮಾವಶಿ ಮಾತ್ರ ನಗಲಿಲ್ಲ. ಹೋಗಿ ಮೊದಲ ಕಾಲುವೆಗೆ ಒಂದು ಬುಟ್ಟಿ ಮಣ್ಣು ಸುರಿದು ಮುಚ್ಚತೊಡಗಿದರು. ಅವರ ಹಿಂದೆ ಉಳಿದವರು ಹೋದರು. ತೋಡಿದ್ದನ್ನು ಮುಚ್ಚುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು ಎಂಬುದು ಹಾಗೆ ಮುಚ್ಚಿದವರಿಗೇ ಗೊತ್ತು. ಆ ಬುಟ್ಟಿ ಮಣ್ಣು ನೋಡಿದ ಮೇಲೆ ಈ ಊರನ್ನು ನಾನು ಬಿಡುವ ಮಾತೇ ಇರಲಿಲ್ಲ.

ಮರುದಿನದಿಂದ ಮೂರು ಕೋಲುಗಳನ್ನು ಇಂಗ್ಲಿಷಿನ A ಅಕ್ಷರದಂತೆ ಕಟ್ಟಿ, ನಡುವೆ ದಾರಕ್ಕೆ ಕಲ್ಲು ತೂಗಿಬಿಟ್ಟು ಸಮಮಟ್ಟ ನೋಡುವುದನ್ನು ಕಲಿಸಿದೆ. ದಾರ ಅಡ್ಡಕೋಲಿನ ನಡುಗೆರೆಗೆ ಬಂದರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ ಎಂದು ಅರ್ಥ. ಹಾಗೆ ಗುರುತು ಮಾಡುತ್ತ ಹೋದರೆ ಗುಡ್ಡದ ಸುತ್ತ ಅಡ್ಡಗೆರೆ ಸಿಗುತ್ತದೆ. ಮೊದಮೊದಲು ನಾನು ಹಿಡಿದೆ, ಅವರು ಸುಣ್ಣ ಹಾಕಿದರು. ಆಮೇಲೆ ಅವರು ಹಿಡಿದರು, ನಾನು ಸುಣ್ಣ ಹಾಕಿದೆ. ಆಮೇಲೆ ನಾನು ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡು ತಡವಾಗಿ ಹೋದ ಒಂದು ದಿನ, ಗೆರೆ ಎಳೆದೂ ಆಗಿತ್ತು, ಅರ್ಧ ತೋಡಿಯೂ ಆಗಿತ್ತು. ನನಗೆ ಕೊಂಚ ಬೇಜಾರಾಯಿತು ಎಂದರೆ ನಗಬೇಡಿ. ಜೂನ್ ಮೊದಲಿನ ಮಿರಗದ ಮಳೆ ಬೀಳುವ ಮುಂಚೆ ಝರಾದ ನೆತ್ತಿಯ ಇಳಿಜಾರೆಲ್ಲ ಗುಂಡಿಯಾಯಿತು.

ತೋಡುವುದು ಸುಲಭದ ಭಾಗ. ಕಾಯುವುದೇ ನಿಜವಾದ ಜಗಳ. ದನ ಇಳಿದರೆ ಗುಂಡಿಯ ಅಂಚು ಕುಸಿಯುತ್ತದೆ, ಹುಲ್ಲು ಬೇರು ಬಿಡುವುದಿಲ್ಲ. ಗುಡ್ಡಕ್ಕೆ ದನ ಬಿಡಕೂಡದು, ಕಟ್ಟಿಗೆ ಕಡಿಯಕೂಡದು ಎಂಬ ನಿಯಮ ಬೇಕು. ಆಫೀಸಿನಿಂದ ಸಮಿತಿಯ ನಿಯಮಾವಳಿ ತಂದು ಶಾಲೆಯ ಜಗುಲಿಯಲ್ಲಿ ಓದಿದೆ. ನಾನು ಓದಿ ಮುಗಿಸುವ ಮುನ್ನವೇ ಕಾಕಾ ಎದ್ದು ನಿಂತರು.

"ಯಾವ ಸಮಿತಿ? ಯಾರ ಮಾಡಿದ್ದು? ನಮ್ಮ ಎಮ್ಮಿ ಏನು ನಿಮ್ಮ ಬೆಳಗಾವ್ಯಾಗ ಬಂದು ಮೇಯಬೇಕೇನ್ರಿ?"

"ಬರ್ಲಿ ಕಾಕಾ, ನಮ್ಮನಿ ಮುಂದ ಕಟ್ಟೂಣು. ಖರೇ, ನಿಮ್ಮ ಸೊಸಿ ಹೋಳಿ ಆದ ಮ್ಯಾಲ ಹಳ್ಳಕ್ಕ ಇಳಿಯೂದು ತಪ್ಪತೈತೇನು?" ಎಂದೆ.

ಅಲ್ಲಿಂದ ಸಭೆ ಸಂತೆಯಾಯಿತು. ನಿಯಮ ಮುರಿದವರಿಗೆ ದಂಡ ಹಾಕುವುದು ಯಾರು, ನೋಡುವುದು ಯಾರು, ಊರಿನ ದೊಡ್ಡವರಾದ ಪಾಟೀಲರ ದನಕ್ಕೂ ಅದೇ ನಿಯಮವೋ ಇಲ್ಲವೋ ಎಂದು ಹಳೆಯ ಜಗಳಗಳೆಲ್ಲ ಎದ್ದು ಬಂದವು. ಬೇಲಿ, ಸಸಿ, ಬೋರ್ಡು ಎಲ್ಲ ನನ್ನ ಕಣ್ಣ ಮುಂದೆ ಹಾದು ಹೋದವು. ಇಲ್ಲಿಯೂ ಹೀಗೇ ಆಗುತ್ತದೆ ಎಂದು ಮೊದಲ ಸಲ ಹೆದರಿದೆ.

ಗದ್ದಲ ದಣಿದು ನಿಂತಾಗ ಮಾವಶಿ ಗಟ್ಟಿಯಾಗಿ ಹೇಳಿದರು. "ಸಮಿತಿ ಬ್ಯಾಡ, ದಂಡ ಬ್ಯಾಡ. ದೇವಿಗೆ ವಾರ ಪಾಳತೀವಲ್ಲ, ಗುಡ್ಡಕ್ಕೂ ಪಾಳೂಣು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಸೀಮೆಯ ಊರುಗಳಲ್ಲಿ ಗ್ರಾಮದೇವಿಯ ಹೆಸರಿನಲ್ಲಿ ವಾರ ಹಿಡಿಯುತ್ತಾರೆ, ಅದನ್ನೇ ಪಾಳುವುದು ಎನ್ನುತ್ತಾರೆ. ಇಷ್ಟು ಮಂಗಳವಾರ, ಇಷ್ಟು ಶುಕ್ರವಾರ ಎಂದು ಡಂಗುರ ಸಾರಿದರೆ ಆ ದಿನಗಳಲ್ಲಿ ಇಡೀ ಊರಿನಲ್ಲಿ ಯಾರೂ ಹೊಲಕ್ಕೆ ಹೋಗುವುದಿಲ್ಲ, ಎತ್ತು ಹೂಡುವುದಿಲ್ಲ. ಯಾರೂ ಕಾವಲು ನಿಲ್ಲುವುದಿಲ್ಲ, ಯಾರೂ ಮುರಿಯುವುದೂ ಇಲ್ಲ. ಊರೆಲ್ಲ ಮನೆಯಲ್ಲಿ ಕೂತಾಗ ಒಬ್ಬನೇ ಗುದ್ದಲಿ ಹೊತ್ತು ಹೊರಟರೆ ಓಣಿಯ ಮಂದಿ ನೋಡುವ ನೋಟ ಒಂದೇ ಸಾಕು.

ಜಗುಲಿಯಲ್ಲಿ ಗುಜುಗುಜು ಎದ್ದಿತು. ಮಂಗಳವಾರ, ಶುಕ್ರವಾರ ಗುಡ್ಡಕ್ಕೆ ವಾರ. ಆ ದಿನ ದನ ಇಲ್ಲ, ಕುಡುಗೋಲು ಇಲ್ಲ, ಮನುಷ್ಯರ ಕಾಲೂ ಇಲ್ಲ. ನಾನು ಅಡ್ಡ ಬಾಯಿ ಹಾಕಿದೆ. ಎರಡು ದಿನ ಬಿಟ್ಟು ಐದು ದಿನ ಮೇಯಿಸಿದರೆ ಹುಲ್ಲು ಬೆಳೆಯುವುದಿಲ್ಲ, ಪೂರಾ ಬಂದ್ ಆಗಬೇಕು ಎಂದು ವಾದಿಸಿದೆ.

"ಬಾಯಿ, ನೀವು ಇಡೀ ರೊಟ್ಟಿ ಒಮ್ಮೆಲೇ ಬಾಯಾಗ ತುರುಕಾಕ ನೋಡ್ತೀರಿ" ಎಂದರು ಮಾವಶಿ. "ಮೊದಲ ಎರಡ ದಿನಾ ಪಾಳೂಣು. ರೂಢಿ ಆಗ್ಲಿ."

ಕಾಕಾ ದೇವಿಯ ವಾರಕ್ಕೆ ಇಲ್ಲ ಎನ್ನುವಂತಿರಲಿಲ್ಲ. ಬಾಯೊಳಗೆ ಗೊಣಗುತ್ತ ಕೂತರು. ನನ್ನ ಮಾತಿಗೆ ಯಾರೂ ಬೆಲೆ ಕೊಡಲಿಲ್ಲ. ಡಂಗುರ ಆಯಿತು. ಮೊದಲ ಮಂಗಳವಾರ ನಾನು ಹೋದಾಗ ಗುಡ್ಡದ ಮೇಲೆ ಒಂದು ಆಡೂ ಇರಲಿಲ್ಲ. ಎಮ್ಮೆಗಳು ಕಾಕಾನ ಹಟ್ಟಿಯಲ್ಲಿ ನಿಂತು ಒದರುತ್ತಿದ್ದವು, ಕಾಕಾ ಅವಕ್ಕೆ ಒಣಹುಲ್ಲು ಹಾಕುತ್ತ ನನ್ನನ್ನು ಬೈಯುತ್ತಿದ್ದರು. ಶ್ರಾವಣ ಬಂದಾಗ ಇಡೀ ತಿಂಗಳು ಪಾಳೋಣ ಎಂದು ಹೆಂಗಸರು ಹೇಳಿದರು. ಮರುವರ್ಷ ಅದು ಮಿರಗದಿಂದ ದಸರೆಯ ತನಕ ಉದ್ದವಾಯಿತು, ಉಳಿದ ದಿನಗಳಲ್ಲಿ ಎರಡು ವಾರ ಇದ್ದೇ ಇತ್ತು. ಅಷ್ಟೂ ಕಾಲ ಹುಲ್ಲು ಸೊಂಟದ ತನಕ ಬೆಳೆಯಿತು. ದಸರೆಯಾದ ಮೇಲೆ ಅದನ್ನು ಕೊಯ್ದು ಮನೆಗಿಷ್ಟು ಎಂದು ಹಂಚಿದರು, ಕಾಕಾನ ಹಟ್ಟಿಯ ಮುಂದೆ ಎಲ್ಲರಿಗಿಂತ ಎತ್ತರದ ಬಣವೆ ಎದ್ದಿತು. ಆಮೇಲೆ ಅವರು ನನ್ನನ್ನು ಬೈಯುವುದು ನಿಲ್ಲಿಸಲಿಲ್ಲ, ಆದರೆ ಬೈಯುತ್ತಲೇ ಮಜ್ಜಿಗೆ ಕೊಡುತ್ತಿದ್ದರು.

ನಮ್ಮ ಯೋಜನೆಯ ಅವಧಿ ಮುಗಿಯಿತು. ನನ್ನನ್ನು ಬೇರೆ ಊರುಗಳಿಗೆ ಹಾಕಿದರು. ಆ ಬೇಸಿಗೆ ಪೂರ್ತಿ ನನಗೆ ಒಂದೇ ಧ್ಯಾನ. ಹೋಳಿ ಹೋಯಿತು, ಯುಗಾದಿ ಹೋಯಿತು, ನಾನು ಮಾವಶಿಗೆ ಫೋನು ಮಾಡಿ "ಝರಾ ಹೆಂಗೈತಿ?" ಎಂದು ಕೇಳುತ್ತಿದ್ದೆ. "ಬರಾಕತ್ತೈತಿ" ಎಂದು ಹೇಳಿ ಇಡುತ್ತಿದ್ದರು. ಬಸವ ಜಯಂತಿಯ ದಿನ ಕೇಳಿದೆ, ಆಗಲೂ "ಬರಾಕತ್ತೈತಿ". ಅಡುಗೆಮನೆಯಲ್ಲಿ ಫೋನು ಹಿಡಿದುಕೊಂಡೇ ಅತ್ತುಬಿಟ್ಟೆ. ನೀರು ಬರುತ್ತಿದೆ ಎಂಬ ಸಂತೋಷ. ಆದರೆ ನಾವಿಲ್ಲದೆ ಗುಡ್ಡ ಕಾಯುತ್ತಾರೋ ಇಲ್ಲವೋ ಎಂಬ ಅನುಮಾನ ಆಗಲೂ ಹೋಗಿರಲಿಲ್ಲ. ಎರಡು ಮಳೆಗಾಲದ ನೀರು ಒಂದು ಬೇಸಿಗೆಗೆ ಸಾಕು, ಗುಡ್ಡ ಬಿಟ್ಟುಕೊಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಹಳ್ಳ.

ಅದೇ ಹೊತ್ತಿಗೆ ಹೊರಗಿನಿಂದ ಕೆಲವು ಅತಿಥಿಗಳು ಬೆಳಗಾವಿಗೆ ಬಂದರು. ಇಂಥ ಕೆಲಸವನ್ನು ಇನ್ನಷ್ಟು ಊರುಗಳಿಗೆ ಒಯ್ಯಲು ಬೆಂಬಲ ಕೊಡಬಹುದಾದವರು. ಸಾಹೇಬರು ನನ್ನನ್ನು ಕರೆದು, "ನಿಮ್ಮ ಊರು ತೋರಿಸೂಣ್ರಿ ಅಕ್ಕಾರ" ಎಂದರು. ನಿಮ್ಮ ಊರು ಎಂದಾಗ ನಾನು ಉಬ್ಬಿದೆ. ಮಾವಶಿಗೆ ಫೋನು ಹಚ್ಚಿದರೆ ಸಿಗಲಿಲ್ಲ. ನನ್ನ ಊರಿಗೆ ನಾನು ಹೋಗಲು ಕೇಳುವುದೇನು ಎಂದುಕೊಂಡು ಬಸ್ಸು ಹೊರಡಿಸಿದೆ. ಖಾನಾಪುರದಿಂದಾಚೆ ದಾರಿಯುದ್ದಕ್ಕೂ ಅತಿಥಿಗಳಿಗೆ ಇಂಗುಗುಂಡಿ, ಹುಲ್ಲು, ಒರತೆ ಎಂದು ಬಾಯಿ ಮುಚ್ಚದೆ ವರ್ಣಿಸಿದೆ.

ಗುಡ್ಡದ ಕಾಲುದಾರಿಯ ಬಾಯಿಗೆ ಒಂದು ಬಿದಿರು ಅಡ್ಡ ಹಾಕಿತ್ತು. ಪಕ್ಕದ ಕಲ್ಲಿನ ಮೇಲೆ ಕಾಕಾ ಕೂತಿದ್ದರು. ಮಾವಶಿ ಮನೆಯಿಂದ ಇಳಿದು ಬಂದು ಎಲ್ಲರಿಗೂ ಕೈಮುಗಿದರು, ಬರ್ರಿ, ಕುಂದರ್ರಿ ಎಂದರು.

"ಕುಂದ್ರಾಕ ಹೊತ್ತಿಲ್ಲ ಮಾವಶಿ, ಮೊದಲ ಮ್ಯಾಲ ಹೋಗಿ ಬರ್ತೀವಿ" ಎಂದೆ.

"ಇವತ್ತ ಶುಕ್ರವಾರ, ಬಾಯಿ."

ನಾನು ಮರೆತಿದ್ದೆ. ಆದರೂ ನಿಲ್ಲಲಿಲ್ಲ. "ನೋಡಾಕಷ್ಟ. ಯಾರೂ ಏನೂ ಮುಟ್ಟಂಗಿಲ್ಲ. ಭಾಳ ದೂರದಿಂದ ಬಂದಾರ, ಇವರು ನೋಡಿದ್ರ ಇನ್ನೂ ನಾಕ ಊರಿಗೆ ಛಲೋ ಆಗ್ತೈತಿ" ಎಂದೆ.

"ನಾಳೆ ಬರ್ರಿ. ನಾನ ಮುಂದ ನಿಂತು ತೋರಿಸ್ತೀನಿ. ಇವತ್ತ ಆಗಂಗಿಲ್ಲ."

ಸಾಹೇಬರು ನನ್ನ ಮುಖ ನೋಡಿದರು, ಅತಿಥಿಗಳು ಸಾಹೇಬರ ಮುಖ ನೋಡಿದರು. ನನ್ನ ಸಿಟ್ಟು ನೆತ್ತಿಗೇರಿತು. ಈ ಗುಡ್ಡದ ಮೇಲೆ ನನ್ನ ಅಂಗೈ ಚರ್ಮ ಸುಲಿದಿದೆ, ನನ್ನನ್ನೇ ತಡೆಯುತ್ತೀರಾ ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಮಾವಶಿ ತಲೆ ತಗ್ಗಿಸಿದರು. ಅವರಿಗೆ ಸಂಕಟವಾಗುತ್ತಿತ್ತು, ನನಗೆ ಕಾಣುತ್ತಿತ್ತು. ನಾನು ಬಿದಿರಿಗೆ ಕೈ ಹಾಕಿದೆ.

ಕಾಕಾ ಎದ್ದು ಬಂದು ಬಿದಿರಿನ ಇನ್ನೊಂದು ತುದಿ ಹಿಡಿದರು.

"ಬಾಯಿ, ಇವತ್ತ ನಿಮ್ಮನ್ನ ಬಿಟ್ರ, ನಾಳೆ ನನ್ನ ಎಮ್ಮಿನೂ ಬಿಡಬೇಕಾಗ್ತದ" ಎಂದರು.

ಬಿದಿರಿನಿಂದ ಕೈ ತೆಗೆದೆ. ಸಾಹೇಬರು ಪಕ್ಕಕ್ಕೆ ಬಂದು, "ಏನ್ ಮಾಡೂಣ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದರು.

"ವಾಪಸ್ ಹೋಗೂಣ್ರಿ. ನಾವು ಬಂದದ್ದು ಇದನ್ನ ನೋಡಾಕನ, ನೋಡಿದ್ವಿ" ಎಂದೆ.

ಮಾವಶಿ ಎಲ್ಲರಿಗೂ ಝರಾದ ನೀರು ಕೊಟ್ಟರು. ತಂಪಾಗಿತ್ತು. ಆ ಇಕ್ಕಟ್ಟಿನ ದಾರಿಯಲ್ಲಿ ಬಸ್ಸು ತಿರುಗಿಸಲು ಜಾಗವಿರಲಿಲ್ಲ. ಕಾಕಾ ತಮ್ಮ ಹಟ್ಟಿಯ ಬೇಲಿ ಕಿತ್ತು, ಎಮ್ಮೆಗಳನ್ನು ಒಂದು ಬಾಜೂಕ್ಕೆ ತಳ್ಳಿ, ನಮ್ಮ ಬಸ್ಸು ತಿರುಗುವಷ್ಟು ಜಾಗ ಮಾಡಿಕೊಟ್ಟರು.